ತುಳಿದವರ ಊರುಗಳಲ್ಲಿ ಆರು ದಿನ

ಮಗಳು ನಾಲ್ಕು ವರ್ಷಗಳಿಂದ ಜಪಾನಿನ ಫುಕುವೊಕಾ ನಗರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ನನ್ನ ಹೆಂಡತಿ ತೀರಿಕೊಂಡ ಮೇಲೆ, ಮೈಸೂರಿನ ಮನೆಯಲ್ಲಿ ನಾನೊಬ್ಬನೇ ಇರುವುದು ಬೇಡವೆಂದು, ಚಳಿಗಾಲದ ಎರಡು ತಿಂಗಳ ಮಟ್ಟಿಗೆ ಅವಳು ನನ್ನನ್ನು ಅಲ್ಲಿಗೆ ಕರೆಸಿಕೊಂಡಳು. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವನಿಗೆ ಅಪಾರ್ಟ್‌ಮೆಂಟಿನ ಕಿಟಕಿಯ ಪಕ್ಕ ಕುಳಿತು ದಿನ ಕಳೆಯುವುದು ಕಷ್ಟ. ನಾಗಸಾಕಿಗೆ ಹೋಗಬೇಕೆಂದು ಕೇಳಿದೆ. ಅಣುಬಾಂಬಿನ ಊರೆಂದು ಅವಳು ತಿಳಿದಳು, ನನ್ನ ಮನಸ್ಸಿನಲ್ಲಿದ್ದದ್ದು ಅದಕ್ಕಿಂತ ಮುನ್ನೂರೈವತ್ತು ವರ್ಷ ಹಿಂದಿನ ಸಂಗತಿ. ಅವಳು ರಜೆ ಹಾಕಿ ಐದು ದಿನದ ಪ್ರವಾಸ ಗೊತ್ತುಮಾಡಿದಳು. ಸಮುದ್ರದ ಕೃಪೆಯಿಂದ ಅದು ಆರು ದಿನವಾಯಿತು.

ಮೊದಲ ದಿನ: ನಿಶಿಝಾಕಾ ಗುಡ್ಡ

ಹಕಾತಾ ನಿಲ್ದಾಣದಿಂದ ಒಂದು ರೈಲು, ತಕೆವೊ ಒನ್ಸೆನ್ನಿನಲ್ಲಿ ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಗೆ ದಾಟಿದರೆ 2022ರಲ್ಲಿ ಆರಂಭವಾದ ಹೊಸ ಶಿಂಕಾನ್ಸೆನ್. ಮಧ್ಯಾಹ್ನದ ಹೊತ್ತಿಗೆ ನಾಗಸಾಕಿಯಲ್ಲಿದ್ದೆವು. ನಿಲ್ದಾಣದ ಎದುರಿನ ರಸ್ತೆ ದಾಟಿ ಐದಾರು ನಿಮಿಷ ಏರು ಹತ್ತಿದರೆ ನಿಶಿಝಾಕಾ. 1597ರ ಫೆಬ್ರುವರಿ 5ರಂದು ಇಪ್ಪತ್ತಾರು ಮಂದಿ ಕ್ರೈಸ್ತರನ್ನು ಶಿಲುಬೆಗೇರಿಸಿ, ಈಟಿಯಿಂದ ತಿವಿದು ಕೊಂದ ಜಾಗ ಇದು. ಆಗ ಜಪಾನನ್ನು ಆಳುತ್ತಿದ್ದ ಹಿದೆಯೋಶಿಯ ಆಜ್ಞೆಯಂತೆ ಅವರ ಎಡಗಿವಿಯ ತುದಿಯನ್ನು ಕತ್ತರಿಸಿ, ಕ್ಯೋಟೊದಿಂದ ಇಲ್ಲಿಯವರೆಗೆ, ಚಳಿಗಾಲದ ನಡುವೆ, ಸುಮಾರು 800 ಕಿಲೋಮೀಟರ್ ನಡೆಸಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಜನ ನೋಡಲಿ, ನೋಡಿ ಹೆದರಲಿ ಎಂಬುದು ಲೆಕ್ಕಾಚಾರ.

1962ರಲ್ಲಿ ನಿಲ್ಲಿಸಿದ ಕಂಚಿನ ಸ್ಮಾರಕದಲ್ಲಿ ಇಪ್ಪತ್ತಾರು ಮಂದಿ ಸಾಲಾಗಿದ್ದಾರೆ. ಹತ್ತಿರ ಹೋದಾಗ ಗಮನಕ್ಕೆ ಬಂದದ್ದು ಪಾದಗಳು: ಒಬ್ಬರೂ ನೆಲದ ಮೇಲೆ ನಿಂತಿಲ್ಲ, ಎಲ್ಲರ ಬೆರಳುಗಳೂ ಕೆಳಮುಖವಾಗಿ ಗಾಳಿಯಲ್ಲಿ ಇಳಿಬಿದ್ದಿವೆ. ಸಾಲಿನಲ್ಲಿ ಕುಳ್ಳಗೆ ಕಾಣುವವರು ಹುಡುಗರು; ಎಲ್ಲರಿಗಿಂತ ಚಿಕ್ಕವನಾದ ಲೂಯಿಸ್ ಇಬಾರಾಕಿಗೆ ಹನ್ನೆರಡು ವರ್ಷ. ಇಪ್ಪತ್ತು ಮಂದಿ ಜಪಾನೀಯರು, ನಾಲ್ವರು ಸ್ಪೇನಿನವರು, ಒಬ್ಬ ಮೆಕ್ಸಿಕೊದವನು. ಉಳಿದ ಒಬ್ಬ ನಮ್ಮವನು. ಗೊನ್ಸಾಲೊ ಗಾರ್ಸಿಯಾ ಹುಟ್ಟಿದ್ದು ಮುಂಬಯಿಯ ಪಕ್ಕದ ವಸಾಯಿಯಲ್ಲಿ, ಪೋರ್ಚುಗೀಸ್ ತಂದೆಗೆ, ಕೊಂಕಣದ ತಾಯಿಗೆ. ಜಪಾನೀ ಭಾಷೆಯನ್ನು ಚೆನ್ನಾಗಿ ಕಲಿತು, ಫ್ರಾನ್ಸಿಸ್ಕನ್ ಸಭೆಯ ಸಹೋದರನಾಗಿ ಸೇರಿ, ಹಿದೆಯೋಶಿಯ ಎದುರಿನಲ್ಲಿ ದುಭಾಷಿಯಾಗಿ ನಿಂತಿದ್ದವನು. 1862ರಲ್ಲಿ ಇಪ್ಪತ್ತಾರು ಮಂದಿಗೂ ಸಂತ ಪದವಿ ದೊರೆತಾಗ ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲ ಸಂತನಾದ. ಧರ್ಮೋಪದೇಶದ ತರಗತಿಯಲ್ಲಿ ಈ ಹೆಸರನ್ನು ನಾನೂ ಬಾಯಿಪಾಠ ಮಾಡಿದ್ದೆ. ಕೊಂಕಣದ ತಾಯಿಯ ಮಗ ಈ ಚಳಿಯಲ್ಲಿ 800 ಕಿಲೋಮೀಟರ್ ನಡೆದದ್ದು ಹೇಗೆ ಎಂಬ ಯೋಚನೆ ಮಾತ್ರ, ಎರಡು ಸ್ವೆಟರಿನೊಳಗೆ ನಡುಗುತ್ತ ನಿಂತಾಗಲೇ ಬಂದದ್ದು.

ನಾವು ಬೆಳೆದದ್ದು ಇಂಥ ರಕ್ತಸಾಕ್ಷಿಗಳ ಕಥೆ ಕೇಳಿಕೊಂಡು. ವಿಶ್ವಾಸವೆಂದರೆ ಕತ್ತು ಕೊಟ್ಟರೂ ಬಾಯಿ ತಪ್ಪದಿರುವುದು. ಅದನ್ನು ಪರೀಕ್ಷಿಸುವ ಉದ್ದೇಶ ಹೊರಡುವಾಗ ನನಗಿರಲಿಲ್ಲ.

ಎರಡನೆಯ ದಿನ: ಓವುರಾ

ಓವುರಾ ಚರ್ಚಿಗೆ ಈಗ ಟಿಕೆಟ್ ಇದೆ, ಸಾಲು ಇದೆ, ಒಳಗೆ ಫೋಟೊ ತೆಗೆಯಬಾರದು ಎಂಬ ಫಲಕವಿದೆ. ಅದು ರಾಷ್ಟ್ರೀಯ ನಿಧಿ. ಊರಿನ ಭಕ್ತಾದಿಗಳ ಪೂಜೆ ನಡೆಯುವುದು ಹತ್ತಿರದ ಬೇರೆ ಕಟ್ಟಡದಲ್ಲಿ. ಮೆಟ್ಟಿಲುಗಳ ಮೇಲೆ ಶಾಲಾ ಮಕ್ಕಳ ಗುಂಪು, ಇಕ್ಕೆಲದ ಅಂಗಡಿಗಳಲ್ಲಿ ಕಸ್ತೆಲ್ಲಾ ಕೇಕಿನ ಚೂರು ಹಿಡಿದು ಕರೆಯುವ ಹೆಂಗಸರು. ಕಸ್ತೆಲ್ಲಾ ಪೋರ್ಚುಗೀಸರು ಬಿಟ್ಟುಹೋದ ತಿಂಡಿ. ಧರ್ಮವನ್ನು ಇನ್ನೂರೈವತ್ತು ವರ್ಷ ನಿಷೇಧಿಸಿದ ದೇಶ ಕೇಕನ್ನು ಮಾತ್ರ ಜೋಪಾನ ಮಾಡಿತು.

1614ರಲ್ಲಿ ದೇಶವ್ಯಾಪಿ ನಿಷೇಧ ಬಂದ ಮೇಲೆ ಗುರುಗಳನ್ನು ಹೊರದಬ್ಬಿದರು, ಇಲ್ಲವೆ ಕೊಂದರು. ಪ್ರತಿಯೊಂದು ಕುಟುಂಬವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ನೋಂದಾಯಿಸಬೇಕಾಯಿತು. 1639ರಲ್ಲಿ ಪೋರ್ಚುಗೀಸ್ ಹಡಗುಗಳಿಗೂ ಬಾಗಿಲು ಮುಚ್ಚಿತು. ಅಲ್ಲಿಂದ ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಳ್ಳಿಗರ ಪಾಲಿಗೆ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮ ಪ್ರಸಾದವಿಲ್ಲ. ಪಾಶ್ಚಾತ್ಯ ದೇಶಗಳೊಂದಿಗೆ ಮಾಡಿಕೊಂಡ ಅನ್ಸೈ ಒಪ್ಪಂದಗಳ ನಂತರ ವಿದೇಶೀಯರಿಗೆಂದು ಕಟ್ಟಲು ಅನುಮತಿ ಸಿಕ್ಕ ಚರ್ಚು ಇದು. 1865ರ ಮಾರ್ಚ್ 17ರ ಮಧ್ಯಾಹ್ನ ಉರಕಾಮಿ ಹಳ್ಳಿಯ ಸುಮಾರು ಹದಿನೈದು ಜನ ನೋಡಲು ಬಂದವರಂತೆ ಬಾಗಿಲಲ್ಲಿ ನಿಂತರು. ಪೆತಿಜಾನ್ ಸ್ವಾಮಿಗಳು ಒಳಗೆ ಕರೆತಂದು ಪ್ರಾರ್ಥನೆಗೆ ಮೊಣಕಾಲೂರಿದಾಗ ಒಬ್ಬ ಹೆಂಗಸು ಬಳಿಗೆ ಬಂದು, ನಮ್ಮ ಹೃದಯವೂ ನಿಮ್ಮ ಹೃದಯವೂ ಒಂದೇ ಎಂದು ಪಿಸುಗುಟ್ಟಿದಳು. ಸಾಂತಾ ಮರಿಯಾಳ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಆ ಪ್ರತಿಮೆ, ಫ್ರಾನ್ಸಿನಿಂದ ತಂದ ಬಿಳಿಯ ಮಾತೆ, ಈಗಲೂ ಅಲ್ಲೇ ಪಕ್ಕದ ಪೀಠದ ಮೇಲಿದೆ.

ಪೆತಿಜಾನ್ ಪ್ಯಾರಿಸ್ ವಿದೇಶೀ ಮಿಷನ್ ಸಭೆಯವರು ಎಂಬುದನ್ನು ಫಲಕದಲ್ಲಿ ಓದಿದಾಗ ನಾನು ಮಗಳ ತೋಳು ಹಿಡಿದು ನಿಲ್ಲಿಸಿದೆ. ನಮ್ಮ ಮೈಸೂರು ಸೀಮೆಯ ಹಳೆಯ ಧರ್ಮಕೇಂದ್ರಗಳನ್ನು ನೋಡಿಕೊಂಡವರೂ ಅದೇ ಸಭೆಯ ಗುರುಗಳು. ಗಂಜಾಮಿನ ಚರ್ಚಿನೊಂದಿಗೆ ಹೆಸರು ಸೇರಿಹೋಗಿರುವ ಅಬ್ಬೆ ದುಬುವಾ, ಹಳ್ಳಿಗರ ಬಾಯಲ್ಲಿ ದೊಡ್ಡಸ್ವಾಮಿಯವರು, 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಟಿಪ್ಪುವಿನ ಸೆರೆಯಲ್ಲಿದ್ದ ಕಾಲದಲ್ಲಿ ಬಲವಂತಕ್ಕೆ ಮಣಿದು ಮತ ಬಿಟ್ಟಿದ್ದ ಕ್ರೈಸ್ತರನ್ನು ಮತ್ತೆ ಸಭೆಯೊಳಕ್ಕೆ ಸೇರಿಸಿಕೊಂಡರು. ನನ್ನ ಅಜ್ಜಿ ಆ ಕಥೆಯನ್ನು ಹೇಳುವಾಗ ಸೆರೆಯಲ್ಲಿ ಸತ್ತವರನ್ನು ಹೊಗಳುತ್ತಿದ್ದಳು. ಮಣಿದು ಬದುಕಿ ವಾಪಸು ಬಂದವರ ವಿಷಯಕ್ಕೆ ಬಂದರೆ ಮಾತು ಬೇರೆಡೆ ತಿರುಗಿಸುತ್ತಿದ್ದಳು. ನಮ್ಮ ಮೂಲ ಅವರಲ್ಲಿಯೇ ಇರಬಹುದೆಂಬ ಅನುಮಾನ ಅವಳಿಗೂ ಇದ್ದಿರಬೇಕು.

ಮೂರನೆಯ ದಿನ: ಉರಕಾಮಿ

ನಸುಕಿನಲ್ಲಿ ಟ್ರಾಮ್ ಇನ್ನೂ ಓಡುತ್ತಿರಲಿಲ್ಲವಾದ್ದರಿಂದ ಟ್ಯಾಕ್ಸಿ ಹಿಡಿದು ಉರಕಾಮಿ ಪ್ರಧಾನಾಲಯದ ಬೆಳಗಿನ ಪೂಜೆಗೆ ಹೋದೆವು. ಮೂವತ್ತು ಜನರಿದ್ದಿರಬಹುದು. ವಯಸ್ಸಾದ ಹೆಂಗಸರ ತಲೆಯ ಮೇಲೆ ಬಿಳಿಯ ಜಾಲರಿಯ ಮುಸುಕು. ನಮ್ಮ ಹಳ್ಳಿಗಳಲ್ಲಿ ಸೆರಗು ಹೊದೆಯುವಂತೆ. ಭಾಷೆ ನನಗೆ ತಿಳಿಯದು, ಆದರೆ ಪರಲೋಕ ಪ್ರಾರ್ಥನೆ ಯಾವಾಗ ಬಂತೆಂದು ರಾಗದಿಂದಲೇ ಗೊತ್ತಾಯಿತು. ನಾನು ಕನ್ನಡದಲ್ಲಿ ಹೇಳಿಕೊಂಡೆ, ಎಲ್ಲರಿಗಿಂತ ಸ್ವಲ್ಪ ತಡವಾಗಿ ಮುಗಿಸಿದೆ.

ಈ ಕಟ್ಟಡ ನಿಂತಿರುವ ನೆಲದ ಸಂಗತಿ ಕೇಳಬೇಕು. ನಿಷೇಧದ ಕಾಲದಲ್ಲಿ ಇಲ್ಲಿ ಊರಿನ ಮುಖ್ಯಸ್ಥನ ಮನೆಯಿತ್ತು. ಪ್ರತಿವರ್ಷದ ಆರಂಭದಲ್ಲಿ ಉರಕಾಮಿಯ ಜನ ಆ ಮನೆಗೆ ಬಂದು, ಕ್ರಿಸ್ತನ ಅಥವಾ ಮಾತೆಯ ಚಿತ್ರವಿದ್ದ ಫಲಕವನ್ನು ತುಳಿಯಬೇಕಿತ್ತು. ಆ ಫಲಕಕ್ಕೆ ಫುಮಿಯೆ ಎಂದು ಹೆಸರು. ಮೊದಲು ಕಾಗದದ ಚಿತ್ರ. ಅದು ಹರಿದು ಹೋಗುತ್ತಿದ್ದುದರಿಂದ ಮರದ ಹಲಗೆಗೆ ಕೂಡಿಸಿದ ಲೋಹದ ಉಬ್ಬುಚಿತ್ರ. ಅದರ ಪ್ರತಿಕೃತಿಯೊಂದನ್ನು ಮೊದಲ ದಿನ ನಿಶಿಝಾಕಾದ ಸಂಗ್ರಹಾಲಯದಲ್ಲಿ ನೋಡಿದ್ದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಮುಖಗಳೆಲ್ಲ ಸವೆದು ನುಣುಪಾಗಿವೆ, ಮೂಗು ಕಣ್ಣು ಒಂದೂ ಇಲ್ಲ. ನಮ್ಮ ಹಳೆಯ ಮನೆಯ ಹೊಸ್ತಿಲು ನಡುವೆ ತಗ್ಗಾಗಿರುತ್ತದಲ್ಲ, ಹಾಗೆ. ತುಳಿಯದವರನ್ನು ಹಿಡಿದರು. ತುಳಿದವರು ಮನೆಗೆ ಹೋದರು. ಓವುರಾಕ್ಕೆ ಬಂದು ನಿಮ್ಮ ಹೃದಯವೂ ನಮ್ಮದೂ ಒಂದೇ ಎಂದವರು ಇದೇ ಹಳ್ಳಿಯವರು, ಅಂದರೆ ಏಳು ತಲೆಮಾರು ಪ್ರತಿವರ್ಷ ತುಳಿದುಕೊಂಡು ಬಂದವರ ಮಕ್ಕಳು. ಇಷ್ಟು ಸರಳ ಲೆಕ್ಕ ನನ್ನ ತಲೆಗೆ ಈವರೆಗೆ ಹೊಳೆದಿರಲಿಲ್ಲ.

ಬಚ್ಚಿಟ್ಟದ್ದು ಹೊರಬಂದದ್ದು ಸಾವಿನ ವಿಷಯದಲ್ಲಿ. 1867ರಲ್ಲಿ ಈ ಊರಿನವರು ಬೌದ್ಧ ಗುರುವನ್ನು ಕರೆಯದೆ ತಮ್ಮ ಸತ್ತವರನ್ನು ತಾವೇ ಮಣ್ಣು ಮಾಡಿದರು. ಅಲ್ಲಿಂದ ಬಂಧನ ಶುರುವಾಯಿತು. ಮರುವರ್ಷ ಸರ್ಕಾರವೇ ಬದಲಾಗಿ ಮೇಜಿ ಯುಗ ಬಂದರೂ ನಿಷೇಧ ಬದಲಾಗಲಿಲ್ಲ. ಸುಮಾರು 3,400 ಜನರನ್ನು, ಅಂದರೆ ಹೆಚ್ಚುಕಡಿಮೆ ಇಡೀ ಹಳ್ಳಿಯನ್ನು, ಪಶ್ಚಿಮ ಜಪಾನಿನ ಇಪ್ಪತ್ತಕ್ಕೂ ಹೆಚ್ಚು ಸ್ಥಳಗಳಿಗೆ ಗಡೀಪಾರು ಮಾಡಿದರು. 600ಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ. ಪಾಶ್ಚಾತ್ಯ ದೇಶಗಳ ಒತ್ತಡದಿಂದ 1873ರಲ್ಲಿ ನಿಷೇಧದ ಫಲಕಗಳು ಇಳಿದವು. ಉಳಿದು ಬಂದವರು ಆ ಗಡೀಪಾರಿಗೆ ಇಟ್ಟ ಹೆಸರು ತಬಿ, ಎಂದರೆ ಪ್ರಯಾಣ. ಪ್ರವಾಸಕ್ಕೂ ಜಪಾನಿನಲ್ಲಿ ಅದೇ ಮಾತು. ಬಂದವರು ಬೇಸಾಯದ ದುಡ್ಡು ಕೂಡಿಸಿ ಆ ಮುಖ್ಯಸ್ಥನ ಮನೆಯ ನಿವೇಶನವನ್ನೇ ಕೊಂಡರು. 1895ರಲ್ಲಿ ಅಡಿಪಾಯ ಹಾಕಿ 1914ರಲ್ಲಿ ಚರ್ಚು ಮುಗಿಸಿದರು. ತುಳಿದ ನೆಲವನ್ನೇ ಹುಡುಕಿ ಕೊಂಡದ್ದು ಹಠವೇ, ಪಶ್ಚಾತ್ತಾಪವೇ? ಎರಡೂ ಇರಬೇಕು.

1945ರ ಆಗಸ್ಟ್ 9ರ ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಸಿಡಿದ ಬಾಂಬು ಇಲ್ಲಿಂದ ಸುಮಾರು 500 ಮೀಟರ್ ದೂರದಲ್ಲಿತ್ತು. ಒಳಗೆ ಪಾಪನಿವೇದನೆ ನಡೆಯುತ್ತಿತ್ತು. ಗುರುಗಳೂ ಭಕ್ತರೂ ಅಲ್ಲೇ ಸತ್ತರು. ಧರ್ಮಕೇಂದ್ರದ ಸುಮಾರು 12,000 ಜನರಲ್ಲಿ 8,500 ಜನ ಹೋದರು. ಈಗಿನ ಕಟ್ಟಡ 1959ರದು. ಪಕ್ಕದ ಚಿಕ್ಕ ಪ್ರಾರ್ಥನಾಲಯದಲ್ಲಿ ಹಳೆಯ ಬಲಿಪೀಠದ ಮೇಲಿದ್ದ ಮರದ ಮಾತೆಯ ತಲೆಯಷ್ಟನ್ನು ಇಟ್ಟಿದ್ದಾರೆ. ಕಣ್ಣುಗಳಿದ್ದ ಜಾಗದಲ್ಲಿ ಎರಡು ಕರಿಯ ಗುಳಿಗಳಿವೆ, ಬಲಗೆನ್ನೆ ಸುಟ್ಟಿದೆ. ಮಗಳು ಅಲ್ಲಿ ಬಹಳ ಹೊತ್ತು ಕುಳಿತಳು. ನಾನು ಹೊರಗೆ ಬಂದು, ತೊರೆಯ ದಂಡೆಯಲ್ಲಿ ಬಿದ್ದ ಕಡೆಯೇ ಉಳಿಸಿರುವ ಗಂಟೆಗೋಪುರದ ತುಂಡನ್ನು ನೋಡುತ್ತಿದ್ದೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ವೈದ್ಯ ತಕಾಶಿ ನಾಗಾಯಿ ತನ್ನ ಕೊನೆಯ ವರ್ಷಗಳನ್ನು ಕಳೆದ ಎರಡು ಚಾಪೆಯ ಅಗಲದ ಗುಡಿಸಲಿದೆ. ಹೆಂಡತಿಯನ್ನು ಬಾಂಬಿಗೆ ಕಳೆದುಕೊಂಡು, ಲ್ಯುಕೇಮಿಯಾದಿಂದ ಹಾಸಿಗೆ ಹಿಡಿದು, ಇಬ್ಬರು ಮಕ್ಕಳೊಂದಿಗೆ ಅಲ್ಲಿ ಮಲಗಿಕೊಂಡೇ ಬರೆಯುತ್ತಿದ್ದ. ಮನೆಗೆ ಇಟ್ಟ ಹೆಸರಿನ ಅರ್ಥ ನಿನ್ನಂತೆಯೇ ನೆರೆಯವನನ್ನು ಪ್ರೀತಿಸು ಎಂಬುದರಿಂದ ಬಂದದ್ದು. ಕಿಟಕಿಯ ಹೊರಗಿನಿಂದಲೇ ನೋಡಬೇಕು.

ನಾಲ್ಕನೆಯ ದಿನ: ಸೊತೊಮೆ

ನಗರದಿಂದ ಬಸ್ಸು ಬದಲಿಸುತ್ತ ಒಂದು ಗಂಟೆಗೂ ಮಿಕ್ಕು. ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಕಡಲು. ನಡುವೆ ಗದ್ದೆ ಮಾಡಲು ಅಂಗೈ ಅಗಲ ಜಾಗವಿಲ್ಲ. ಜನ ಗೆಣಸು ತಿಂದು ಬದುಕಿದ ಸೀಮೆ. 1879ರಲ್ಲಿ ಇಲ್ಲಿಗೆ ಬಂದ ದ ರೋ ಸ್ವಾಮಿಗಳು, ಅವರೂ ಪ್ಯಾರಿಸ್ ಸಭೆಯವರೇ, ಚರ್ಚು ಕಟ್ಟಿದ್ದರ ಜೊತೆಗೆ ಊರಿನ ಹೆಂಗಸರಿಗೆ ನೇಯ್ಗೆ, ಶಾವಿಗೆ ಮಾಡುವುದು, ರೊಟ್ಟಿ ಬೇಯಿಸುವುದು ಎಲ್ಲವನ್ನೂ ಕಲಿಸಿದರು. ಅವರ ಹೆಸರಿನ ಶಾವಿಗೆ ಇಂದಿಗೂ ಮಾರಾಟಕ್ಕಿದೆ; ಕಡಲೆಕಾಯಿ ಎಣ್ಣೆಯ ವಾಸನೆಗೆ ನನ್ನ ಹಸಿವು ಕೆರಳಿತು. ಅದಕ್ಕೂ ಮುಂಚೆ, 1874ರಲ್ಲಿ ನಾಗಸಾಕಿಯಲ್ಲಿ ಆಮಶಂಕೆ ಹಬ್ಬಿದಾಗ, ಗಡೀಪಾರಿನಿಂದ ಆಗಷ್ಟೇ ಮರಳಿದ್ದ ಇವಾನಾಗ ಮಕಿ ಎಂಬ ಯುವತಿ ಅವರೊಂದಿಗೆ ರೋಗಿಗಳ ಸೇವೆಗೆ ನಿಂತು, ಬಳಿಕ ಅನಾಥ ಮಕ್ಕಳನ್ನು ಸಾಕುವುದನ್ನೇ ಬದುಕು ಮಾಡಿಕೊಂಡಳು. ಅವಳ ನೆರೆಯವರು ಕೆಲವೇ ವರ್ಷಗಳ ಹಿಂದೆ ಅವಳನ್ನು ಅಪರಾಧಿಯೆಂದು ಕಂಡಿದ್ದವರು.

ಕರೆಮತ್ಸು ಗುಡಿಗೆ ಹೋಗುವ ದಾರಿ ಕಾಡಿನೊಳಗಿನ ಕಾಲುಹಾದಿ. ಹೊರಗಿನಿಂದ ನೋಡಿದರೆ ಶಿಂಟೋ ಗುಡಿ. ಒಳಗೆ ಆರಾಧನೆ ಸಲ್ಲುವುದು ಸಾನ್ ಜಿವಾನ್ ಎಂಬ ಗುರುವಿಗೆ. ಗುಡಿಯ ಕೆಳಗೆ ಒಂದು ದೊಡ್ಡ ಬಂಡೆ. ಅದರ ಮರೆಯಲ್ಲಿ ರಾತ್ರಿ ಹೊತ್ತು ಕುಳಿತು ಜನ ಒರಾಶೊ ಕಲಿಯುತ್ತಿದ್ದರು. ಒರಾಶೊ ಎಂದರೆ ಪ್ರಾರ್ಥನೆ, ಲ್ಯಾಟಿನ್ ಮಾತು ಬಾಯಿಂದ ಬಾಯಿಗೆ ಸವೆದು ಉಳಿದ ರೂಪ. ನಾನು ಬಂಡೆಯ ಹಿಂದೆ ಕುಳಿತು ನೋಡಿದೆ. ಇಬ್ಬರು ಮೂವರು ಮೈಗೆ ಮೈ ತಾಗಿಸಿ ಕೂರುವಷ್ಟು ಜಾಗ. ಕಲ್ಲು ಒದ್ದೆ, ಪಾಚಿ ಕಟ್ಟಿದೆ, ಬಿದಿರು ಗಾಳಿಗೆ ಕಿರುಗುಟ್ಟುತ್ತಿದೆ. ಹತ್ತು ಹೆಜ್ಜೆ ಆಚೆ ನಿಂತ ಮಗಳಿಗೆ ನಾನು ಗಟ್ಟಿಯಾಗಿ ಹೇಳಿದ ‘ನಮೋ ಮರಿಯಾ’ ಕೇಳಿಸಲಿಲ್ಲ.

ಗುರುಗಳಿಲ್ಲದ ಆ ಕಾಲದಲ್ಲಿ ಸಭೆಯನ್ನು ನಡೆಸಿದವರು ಸಾಮಾನ್ಯ ರೈತರು, ಬೆಸ್ತರು. ಒಬ್ಬ ಜ್ಞಾನಸ್ನಾನ ಕೊಡುವವನು, ಒಬ್ಬ ಪಂಚಾಂಗ ನೋಡಿ ಹಬ್ಬದ ದಿನ ಹೇಳುವವನು. ಆ ಪಂಚಾಂಗವನ್ನು ಬಿಟ್ಟುಹೋದವನು ಬಾಸ್ಚಿಯನ್ ಎಂಬ ಉಪದೇಶಿ. ಏಳು ತಲೆಮಾರಿನ ನಂತರ ಪಾಪನಿವೇದನೆ ಕೇಳುವ ಗುರು ಕರಿಯ ಹಡಗಿನಲ್ಲಿ ಬರುತ್ತಾನೆ ಎಂದು ಅವನು ಹೇಳಿದ್ದನೆಂಬುದು ಇಲ್ಲಿನ ಐತಿಹ್ಯ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನ್‌ಚಿರಿಸಾನ್ ಎಂಬ ಪದ. ಪೋರ್ಚುಗೀಸಿನಿಂದ ಬಂದ ಇದರ ಅರ್ಥ ಪೂರ್ಣ ಪಶ್ಚಾತ್ತಾಪ. ಪಾಪನಿವೇದನೆ ಕೇಳಲು ಗುರುವಿಲ್ಲದಾಗ ಮನಃಪೂರ್ವಕ ಪಶ್ಚಾತ್ತಾಪಪಟ್ಟರೆ ಕ್ಷಮೆ ಉಂಟೆಂಬ ಬೋಧನೆಯನ್ನು, ನಿಷೇಧಕ್ಕೆ ಮುಂಚೆಯೇ ಬರೆದಿಟ್ಟ ಒಂದು ಪಠ್ಯದಿಂದ ಇವರು ಜೋಪಾನ ಮಾಡಿಕೊಂಡಿದ್ದರು. ಫುಮಿಯೆ ತುಳಿದು ಮನೆಗೆ ಬಂದವರು ಬಾಗಿಲು ಹಾಕಿಕೊಂಡು ಆ ಪ್ರಾರ್ಥನೆ ಹೇಳುತ್ತಿದ್ದರು. ಮರುವರ್ಷ ಮತ್ತೆ ತುಳಿಯಬೇಕೆಂದು ಗೊತ್ತಿದ್ದೂ ಹೇಳುತ್ತಿದ್ದರು.

1873ರ ನಂತರವೂ ಎಲ್ಲರೂ ಚರ್ಚಿಗೆ ಮರಳಲಿಲ್ಲ. ಅಜ್ಜ ಮುತ್ತಜ್ಜರು ಹೇಳಿಕೊಟ್ಟ ರೂಪದಲ್ಲೇ ಮುಂದುವರಿಯುತ್ತೇವೆ ಎಂದವರು ಇಲ್ಲಿಯೂ ಇಕಿತ್ಸುಕಿ ದ್ವೀಪದಲ್ಲಿಯೂ ಇದ್ದರು. ಈಗ ಕೈಬೆರಳೆಣಿಕೆಯ ಮನೆಗಳು. ವರ್ಷಕ್ಕೊಮ್ಮೆ ಕರೆಮತ್ಸುವಿನಲ್ಲಿ ಅವರೂ ಕಥೋಲಿಕರೂ ಬೌದ್ಧರೂ ಸೇರಿ ಹಿರಿಯರನ್ನು ನೆನೆಯುತ್ತಾರಂತೆ. ಬೌದ್ಧರೇಕೆಂದು ನನಗೆ ಮೊದಲು ತಿಳಿಯಲಿಲ್ಲ. ಇವರ ಹೆಸರನ್ನು ತಮ್ಮ ದೇವಾಲಯದ ವಹಿಯಲ್ಲಿ ಬರೆದುಕೊಂಡು, ಕಂಡರೂ ಕಾಣದಂತಿದ್ದ ಗುರುವಿಗೂ ಇಲ್ಲಿ ಋಣವಿದೆ.

ಐದನೆಯ ದಿನ: ಎಲ್ಲಿಗೂ ಹೋಗಲಿಲ್ಲ

ಗೊತೊ ದ್ವೀಪಗಳಿಗೆ ಹೋಗುವ ವೇಗದ ದೋಣಿ ಅಲೆ ಎತ್ತರವೆಂದು ರದ್ದಾಗಿತ್ತು. ವಾಯವ್ಯದ ಗಾಳಿ ಬೀಸುವ ಈ ತಿಂಗಳುಗಳಲ್ಲಿ ಇದು ಮಾಮೂಲು ಎಂದು ಟಿಕೆಟ್ ಕಟ್ಟೆಯ ಹುಡುಗ ತಲೆಬಾಗಿ ತಲೆಬಾಗಿ ಹೇಳಿದ. ಮರುದಿನಕ್ಕೆ ಹೋಗಬೇಕೆಂದರೆ ಮಗಳು ಇನ್ನೊಂದು ದಿನ ರಜೆ ಕೇಳಬೇಕು. ಅದಕ್ಕೆ ಅವಳು ಏಕೆ ಅಷ್ಟು ತಡವರಿಸುತ್ತಾಳೆಂದು ಕೇಳಿದಾಗ ಸಂಗತಿ ಹೊರಬಂತು.

“ಅಪ್ಪ, ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗ್ತೀಯ ಅಂತ ಆಫೀಸಿನಲ್ಲಿ ಕೇಳಿದರೆ ವಾಕಿಂಗ್ ಅಂತ ಹೇಳ್ತೀನಿ. ಈ ಪ್ರವಾಸವೂ ಅಷ್ಟೇ, ಸುಮ್ಮನೆ ಊರು ನೋಡೋಕೆ ಅಂದಿದ್ದೀನಿ.”

ಹೆದರಿಕೆಯೇ ಎಂದೆ. ಹೆದರುವಂಥದ್ದು ಏನೂ ಇಲ್ಲ ಎಂದಳು. ಇಲ್ಲಿ ಮದುವೆಗೆ ಚರ್ಚಿನಂಥ ಮಂಟಪ ಬೇಕು, ಹೊಸವರ್ಷಕ್ಕೆ ಶಿಂಟೋ ಗುಡಿ, ಸಾವಿಗೆ ಬೌದ್ಧ ಮಂತ್ರ. ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ, ಆದರೆ ಕ್ರಿಸ್ಮಸ್ ಕೇಕು ಎಲ್ಲ ಮನೆಯಲ್ಲೂ ಇದೆ. ದೇವರನ್ನು ನಂಬುತ್ತೇನೆ, ಅದರಂತೆ ನಡೆಯಲು ನೋಡುತ್ತೇನೆ ಎಂದು ಒಬ್ಬರು ಗಂಭೀರವಾಗಿ ಹೇಳಿದರೆ ಮಾತ್ರ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ; 1995ರಲ್ಲಿ ಒಂದು ಪಂಥದವರು ಟೋಕಿಯೊ ಮೆಟ್ರೋದಲ್ಲಿ ವಿಷಾನಿಲ ಬಿಟ್ಟ ಮೇಲೆ ಧರ್ಮವೆಂಬ ಮಾತೇ ಇಲ್ಲಿ ಸ್ವಲ್ಪ ಅಪಾಯದ್ದಾಗಿ ಕೇಳುತ್ತದೆ. ಯಾರೂ ಹೊಡೆಯುವುದಿಲ್ಲ, ಊಟಕ್ಕೆ ಕರೆಯುವುದು ನಿಲ್ಲುತ್ತದೆಯೇನೋ ಎಂಬ ಅಳುಕು, ಅಷ್ಟೆ.

ಆಗ ನಾನು ಅವಳಿಗೆ ಈವರೆಗೆ ಹೇಳದ ಒಂದು ವಿಷಯ ಹೇಳಿದೆ. ಅವಳು ಹುಟ್ಟುವ ಮುನ್ನ ಮೈಸೂರಿನ ಒಂದು ಬೀದಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. ಮನೆಯೊಡೆಯರು ಯಾವ ಜನ ಎಂದು ಕೇಳಿದರು. ನನ್ನ ಹೆಸರಿನ ಮೊದಲ ಭಾಗ ಯಾರದಾದರೂ ಆಗಬಹುದಾದಂಥದ್ದು. ಅಷ್ಟನ್ನೇ ಹೇಳಿ, ಅವರು ಊಹಿಸಿಕೊಂಡದ್ದನ್ನು ತಿದ್ದದೆ, ಮುಂಗಡ ಕೊಟ್ಟೆ. ಎರಡು ವರ್ಷ ಆ ಮನೆಯಲ್ಲಿದ್ದೆವು. ಮದುವೆಯಲ್ಲಿ ಗುರುಗಳು ಕೊಟ್ಟಿದ್ದ ಯೇಸುವಿನ ಪವಿತ್ರ ಹೃದಯದ ಪಟ ಬೀರುವಿನಲ್ಲಿ ಸೀರೆಗಳ ಹಿಂದೆ ಇತ್ತು. ನಿನ್ನ ಅಮ್ಮ ರಾತ್ರಿ ಬೀರುವಿನ ಬಾಗಿಲು ತೆರೆದು, ಅದರ ಮುಂದೆ ನಿಂತು ಜಪಸರ ಹೇಳುತ್ತಿದ್ದಳು. ನನ್ನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ. ನಾನು ಮಾತ್ರ ಆ ಎರಡು ವರ್ಷ ಪ್ರಾರ್ಥನೆಗೆ ಅವಳ ಪಕ್ಕದಲ್ಲಿ ನಿಲ್ಲಲಿಲ್ಲ, ನಾಚಿಕೆಯಿಂದ.

ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನಿನಲ್ಲಿ ಏನೋ ಹುಡುಕಿ ತೋರಿಸಿದಳು. ಇಕಿತ್ಸುಕಿಯ ಗುಪ್ತ ಕ್ರೈಸ್ತರು ತಮ್ಮ ಪವಿತ್ರ ಚಿತ್ರಗಳನ್ನು ಮನೆಯ ಒಳಕೋಣೆಯಲ್ಲಿ, ಬಟ್ಟೆಬರೆ ಇಡುವ ಜಾಗದಲ್ಲಿ ಬಚ್ಚಿಡುತ್ತಿದ್ದರಂತೆ. ಅದಕ್ಕೆ ಇಲ್ಲಿ ನಾಂದೊಗಾಮಿ ಎಂಬ ಹೆಸರೇ ಇದೆ: ಉಗ್ರಾಣದ ದೇವರು.

ಆರನೆಯ ದಿನ: ಹಿಸಾಕಾ

ಗಾಳಿ ಇಳಿದಿತ್ತು. ಗೊತೊ ದ್ವೀಪಗಳಲ್ಲೊಂದಾದ ಫುಕುವೆಗೆ ಒಂದೂವರೆ ಗಂಟೆ, ಅಲ್ಲಿಂದ ಚಿಕ್ಕ ದೋಣಿಯಲ್ಲಿ ಹಿಸಾಕಾ ದ್ವೀಪ. ಸೊತೊಮೆಯಿಂದ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಗೊತೊಗೆ ವಲಸೆ ಬಂದವರಲ್ಲಿ ಬಹಳ ಮಂದಿ ಗುಪ್ತ ಕ್ರೈಸ್ತರು. ಒಳ್ಳೆಯ ನೆಲವೆಲ್ಲ ಹಳಬರದು, ಇವರಿಗೆ ಸಿಕ್ಕಿದ್ದು ಕೊಲ್ಲಿಯ ಅಂಚುಗಳು. ಮೊದಲೇ ಹೇಳಿಟ್ಟಿದ್ದ ಕಾರು ಬಂದರಿನಿಂದ ನಮ್ಮನ್ನು ‘ರೋಯಾ ನೊ ಸಾಕೊ’ ಎಂಬಲ್ಲಿಗೆ ಕರೆದೊಯ್ದಿತು. ರೋಯಾ ಎಂದರೆ ಸೆರೆಮನೆ. 1868ರಲ್ಲಿ, ಓವುರಾದ ಸುದ್ದಿ ಕೇಳಿ ತಾವೂ ಕ್ರೈಸ್ತರೆಂದು ಹೇಳಿಕೊಂಡ ಸುಮಾರು 200 ಜನರನ್ನು, ಹಸುಗೂಸುಗಳನ್ನೂ ಸೇರಿಸಿ, ಆರು ತ್ಸುಬೊ ಅಳತೆಯ ಒಂದು ಮನೆಯಲ್ಲಿ ಎಂಟು ತಿಂಗಳು ತುಂಬಿದರು. ಬೆಳಿಗ್ಗೆ ಒಂದು ತುಂಡು ಗೆಣಸು, ಸಂಜೆ ಒಂದು ತುಂಡು. 42 ಮಂದಿ ಸತ್ತರು.

ಆರು ತ್ಸುಬೊ ಎಂದರೆ ಸುಮಾರು ಇಪ್ಪತ್ತು ಚದರ ಮೀಟರು, ಅಂದಾಜು ಹದಿನಾಲ್ಕೂವರೆ ಅಡಿ ಉದ್ದ, ಅಷ್ಟೇ ಅಗಲ. ಹೊರಗಿನ ಅಂಗಳದಲ್ಲಿ ನಾನು ಹೆಜ್ಜೆ ಹಾಕಿ ಅಳೆದೆ. ಮಗಳು ಮೂಲೆಗೊಂದು ಕಲ್ಲಿಟ್ಟಳು. ಒಂದು ಮೂಲೆಯಲ್ಲಿ ನಾನು, ಎದುರಿನ ಮೂಲೆಯಲ್ಲಿ ಅವಳು ನಿಂತಾಗ ನಮ್ಮ ನಡುವೆ ಪಿಸುಮಾತಿಗೆ ಸಾಕಾಗುವಷ್ಟೇ ದೂರ. ಒತ್ತಡಕ್ಕೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ ಎಂದು ಬದುಕಿ ಉಳಿದವರು ಹೇಳಿದ್ದಾರೆ. ನಿಶಿಝಾಕಾದ ಕಂಚಿನ ಪಾದಗಳು ನೆನಪಾದವು. ಸ್ಮಾರಕ ಶಿಲೆಗಳಲ್ಲಿ ಹೆಸರುಗಳಿವೆ. ನಾವಿಬ್ಬರೂ ಅಲ್ಲಿ ನಿಂತು ಕನ್ನಡದಲ್ಲಿ ಜಪಸರ ಹೇಳಿದೆವು. ಅವಳ ಅಮ್ಮನ ಜಪಸರವೇ ಅವಳ ಕೈಯಲ್ಲಿತ್ತು. ಕಾರಿನವರು ಟೋಪಿ ತೆಗೆದು ದೂರದಲ್ಲಿ ಕಾದರು.

ಮರಳುವ ದೋಣಿಗೆ ಫುಕುವೆಯಲ್ಲಿ ಒಂದು ಗಂಟೆ ಬಿಡುವಿತ್ತು. ಹಿಂದಿನ ರಾತ್ರಿ ರಜೆ ಕೇಳುವಾಗ ಅವಳು ಮ್ಯಾನೇಜರಿಗೆ ಸಂದೇಶದಲ್ಲಿ ನಿಜವನ್ನೇ ಬರೆದಿದ್ದಳಂತೆ: ನಾನು ಕ್ರೈಸ್ತಳು, ತಂದೆಯೊಂದಿಗೆ ಹಳೆಯ ಕ್ರೈಸ್ತರು ಸತ್ತ ಸ್ಥಳಗಳಲ್ಲಿ ಪ್ರಾರ್ಥನೆಗೆ ಬಂದಿದ್ದೇನೆ, ಸಮುದ್ರದಿಂದಾಗಿ ತಡವಾಗಿದೆ. ಉತ್ತರ ಬಂದಿದೆಯೇ ಎಂದು ನಾನು ಕೇಳಿದೆ. ಅವಳು ಫೋನು ತೆರೆದು ಓದಿ ನಕ್ಕಳು. ರಜೆ ಮಂಜೂರಾಗಿತ್ತು. ಉಳಿದಂತೆ ಮ್ಯಾನೇಜರು ಬರೆದದ್ದು ಒಂದೇ ವಾಕ್ಯ: ಗೊತೊ ಉದೊನ್ ಶಾವಿಗೆ ಬಹಳ ರುಚಿಯೆಂದು ಕೇಳಿದ್ದೇನೆ, ಸಿಕ್ಕರೆ ಆಫೀಸಿಗೆ ತನ್ನಿ.

ಬಂದರಿನ ಅಂಗಡಿಯಲ್ಲಿ ನಾವು ಆರು ಪೊಟ್ಟಣ ಕೊಂಡೆವು.